ಕಾಯಿಪಲ್ಯದ ಸಾರು : ಅದರಲ್ಲಿ ಇರುವುದೇನು, ಇಲ್ಲದಿರುವುದೇನು?

ಹೋಳಿಗೆ ಮಾಡಿದ ದಿನ ಕಡಲೆಬೇಳೆ ಬೇಯಿಸಿದ ನೀರನ್ನು ನಮ್ಮ ಭಾಗದಲ್ಲಿ ಯಾರೂ ಚೆಲ್ಲುವುದಿಲ್ಲ. ಅದನ್ನು ಬೇರೆ ಪಾತ್ರೆಗೆ ಬಸಿದಿಟ್ಟು, ಹುಣಸೆಹುಳಿ, ಮಸಾಲೆ ಖಾರ, ಚೂರು ಬೆಲ್ಲ ಹಾಕಿ ಕುದಿಸಿ ಒಗ್ಗರಣೆ ಕೊಟ್ಟರೆ ಕಟ್ಟಿನ ಸಾರು ಸಿದ್ಧವಾಗುತ್ತದೆ. ಹೋಳಿಗೆಗಿಂತ ಈ ಸಾರಿಗೇ ಹೆಚ್ಚು ಆಸೆಪಡುವವರೂ ಉಂಟು. ಆದರೆ ಅದೇ ಮನೆಯಲ್ಲಿ ನಾಲ್ಕು ದಿನ ಕಳೆದು ಪುಂಡಿಪಲ್ಯವನ್ನೋ ಮೆಂತ್ಯಪಲ್ಯವನ್ನೋ ಬೇಯಿಸಿದಾಗ, ಬಸಿದ ನೀರು ನೇರವಾಗಿ ಬಚ್ಚಲಿಗೆ ಹೋಗುತ್ತದೆ. ಹಬ್ಬದ ದಿನ ಕಾಪಾಡಿದ ವಸ್ತುವನ್ನು ಉಳಿದ ದಿನ ಚೆಲ್ಲುವುದು ಯಾವ ಲೆಕ್ಕ?

ಇದಕ್ಕೆ ತದ್ವಿರುದ್ಧವಾದ ಇನ್ನೊಂದು ರೂಢಿಯೂ ನಮ್ಮಲ್ಲಿದೆ. ಕೂಸಿಗೆ, ಬಾಣಂತಿಗೆ, ಜ್ವರದಿಂದ ಎದ್ದವರಿಗೆ ಸಾರಿನ ಮೇಲಿನ ತಿಳಿಯನ್ನಷ್ಟೇ ಬಡಿಸಿ, 'ಎಲ್ಲ ಸತ್ವ ಇದರಲ್ಲೇ ಇಳಿದಿದೆ' ಎಂದು ಸಮಾಧಾನಪಡುತ್ತೇವೆ. ಎಲ್ಲ ಸತ್ವ ತಿಳಿಗೆ ಇಳಿಯುವುದಿಲ್ಲ. ಮೊದಲನೆಯ ರೂಢಿಯಿಂದ ಆಗುವ ನಷ್ಟಕ್ಕಿಂತ ಎರಡನೆಯದರಿಂದ ಆಗುವ ನಷ್ಟ ದೊಡ್ಡದು. ಆದ್ದರಿಂದ ಯಾವುದು ನೀರಿಗೆ ಇಳಿಯುತ್ತದೆ, ಯಾವುದು ತಳದಲ್ಲಿಯೇ ಉಳಿಯುತ್ತದೆ ಎಂಬುದನ್ನು ಸರಿಯಾಗಿ ತಿಳಿದುಕೊಳ್ಳುವುದು ಅವಶ್ಯ.

2019-21ರಲ್ಲಿ ನಡೆದ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ, ಕರ್ನಾಟಕದಲ್ಲಿ 15ರಿಂದ 49 ವರ್ಷದ ಹೆಣ್ಣುಮಕ್ಕಳಲ್ಲಿ ನೂರಕ್ಕೆ ಸುಮಾರು 48 ಮಂದಿಗೆ ರಕ್ತಹೀನತೆ ಇದೆ. ಐದು ವರ್ಷದೊಳಗಿನ ಮಕ್ಕಳಲ್ಲಿ ಈ ಪ್ರಮಾಣ ನೂರಕ್ಕೆ 65ನ್ನು ಮೀರಿದೆ. ಹತ್ತಿ ಬಿಡಿಸಲು ಹೋದ ಹೆಣ್ಣುಮಗಳು ಮಧ್ಯಾಹ್ನದ ಹೊತ್ತಿಗೆ ತಲೆ ಸುತ್ತಿ ಬದುವಿನ ಮೇಲೆ ಕುಳಿತರೆ ಬಿಸಿಲೊಂದೇ ಕಾರಣವೆಂದು ತಿಳಿಯಬಾರದು. ಅಡಿಗೆಮನೆಯ ಲೆಕ್ಕವೂ ಅಲ್ಲಿ ಸೇರಿರಬಹುದು.

ನೀರಿಗೆ ಇಳಿಯುವ ವಸ್ತುಗಳು

ಸೊಪ್ಪು, ಕಾಯಿ ಅಥವಾ ಬೇಳೆಯನ್ನು ನೀರಿನಲ್ಲಿ ಕುದಿಸಿದಾಗ ನೀರಿನಲ್ಲಿ ಕರಗಬಲ್ಲ ಪೋಷಕಾಂಶಗಳು ಹೊರಗೆ ಬರುತ್ತವೆ. ಇವುಗಳಲ್ಲಿ ಮುಖ್ಯವಾದವು ಜೀವಸತ್ವ 'ಸಿ', ಜೀವಸತ್ವ 'ಬಿ' ಗುಂಪಿನ ಥಯಾಮಿನ್, ರೈಬೊಫ್ಲೇವಿನ್ ಮತ್ತು ಫೋಲಿಕ್ ಆಮ್ಲ ಹಾಗೂ ಖನಿಜಗಳಲ್ಲಿ ಪೊಟ್ಯಾಸಿಯಂ. ಹೆಚ್ಚು ನೀರಿಟ್ಟು ಬೇಯಿಸಿ ಬಸಿದರೆ ಸೊಪ್ಪಿನಲ್ಲಿರುವ ಜೀವಸತ್ವ 'ಸಿ' ಮತ್ತು ಫೋಲಿಕ್ ಆಮ್ಲದ ಸುಮಾರು ಅರ್ಧಪಾಲು ಕೈಬಿಟ್ಟು ಹೋಗಬಹುದು. 'ಸಿ' ಜೀವಸತ್ವದ ಒಂದಂಶ ಕಾವಿಗೇ ನಾಶವಾಗುತ್ತದೆ. ಫೋಲಿಕ್ ಆಮ್ಲದ ಹೆಚ್ಚಿನ ಪಾಲು ಮಾತ್ರ ನಾಶವಾಗದೆ, ಬಸಿದ ನೀರಿನಲ್ಲಿಯೇ ಇರುತ್ತದೆ. ಬಚ್ಚಲಿಗೆ ಹೋಗುವುದು ಇದೇ.

ಈ ಫೋಲಿಕ್ ಆಮ್ಲದ ಕಥೆ ನಮಗೆ ದೂರದ್ದಲ್ಲ. 1928ರಿಂದ ಮುಂದೆ ಲೂಸಿ ವಿಲ್ಸ್ ಎಂಬ ಇಂಗ್ಲೆಂಡಿನ ವೈದ್ಯೆ ಮುಂಬಯಿಯಲ್ಲಿ ಗರ್ಭಿಣಿಯರ ರಕ್ತಹೀನತೆಯನ್ನು ಕುರಿತು ಸಂಶೋಧನೆ ನಡೆಸಿದರು. ಆಗ ನಮ್ಮ ಬೆಳಗಾವಿ ಜಿಲ್ಲೆಯೂ ಮುಂಬಯಿ ಪ್ರಾಂತಕ್ಕೇ ಸೇರಿತ್ತು. ಬಟ್ಟೆ ಗಿರಣಿಗಳಲ್ಲಿ ದುಡಿಯುವ ಬಡ ಹೆಂಗಸರಲ್ಲಿ ಒಂದು ಬಗೆಯ ರಕ್ತಹೀನತೆಯು ಆಹಾರದ ಕೊರತೆಯಿಂದ ಬರುತ್ತದೆಂದೂ, ಯೀಸ್ಟಿನ ಸಾರವನ್ನು ತಿನ್ನಿಸಿದರೆ ಗುಣವಾಗುತ್ತದೆಂದೂ ಅವರು 1931ರಲ್ಲಿ ಪ್ರಕಟಿಸಿದರು. ಗುಣಪಡಿಸಿದ ಆ ವಸ್ತು ಯಾವುದೆಂದು ಆಗ ಗೊತ್ತಿರಲಿಲ್ಲ. ಹತ್ತು ವರ್ಷಗಳ ನಂತರ, 1941ರಲ್ಲಿ, ಅಮೆರಿಕದ ವಿಜ್ಞಾನಿಗಳು ಟನ್ನುಗಟ್ಟಲೆ ಪಾಲಕ ಸೊಪ್ಪಿನಿಂದ ಒಂದು ಆಮ್ಲವನ್ನು ಬೇರ್ಪಡಿಸಿ ಅದಕ್ಕೆ ಫೋಲಿಕ್ ಎಂದು ಹೆಸರಿಟ್ಟರು. ಲ್ಯಾಟಿನ್ ಭಾಷೆಯಲ್ಲಿ 'ಫೋಲಿಯಂ' ಎಂದರೆ ಎಲೆ. ವಿಲ್ಸ್ ಅವರು ಕಂಡದ್ದು ಇದನ್ನೇ ಎಂದು ಮುಂದೆ ತಿಳಿದುಬಂದಿತು. ಇಂದು ಸರಕಾರಿ ಆಸ್ಪತ್ರೆಯಲ್ಲಿ ಬಸುರಿಯರಿಗೆ ಕೊಡುವ ಕೆಂಪು ಗುಳಿಗೆಯಲ್ಲಿ ಕಬ್ಬಿಣದ ಜೊತೆಗೆ ಇರುವುದು ಇದೇ ಎಲೆಯ ಆಮ್ಲ.

ಮಂಡ್ಯ, ಹಾಸನ, ಮೈಸೂರು ಕಡೆಯ ಒಕ್ಕಲು ಮನೆಗಳಲ್ಲಿ ಸೊಪ್ಪು, ಕಾಳು ಬೇಯಿಸಿ ಬಸಿದ ನೀರಿನಿಂದಲೇ ದಿನನಿತ್ಯದ ಸಾರು ಮಾಡುತ್ತಾರೆ. ಅದರ ಹೆಸರೇ ಬಸ್ಸಾರು. ಸೊಪ್ಪು ಪಲ್ಯವಾಗುತ್ತದೆ, ನೀರು ಸಾರಾಗುತ್ತದೆ, ಎರಡೂ ಒಂದೇ ಊಟಕ್ಕೆ ಬರುತ್ತವೆ. ನಮ್ಮ ಕಟ್ಟಿನ ಸಾರಿನ ತತ್ವವೂ ಅದೇ. ಹೋಳಿಗೆಯ ದಿನಕ್ಕೆ ಸೀಮಿತವಾದುದನ್ನು ವಾರದ ಎಲ್ಲ ದಿನಕ್ಕೂ ತಂದರಾಯಿತು.

ತಳದಲ್ಲಿಯೇ ಉಳಿಯುವ ವಸ್ತುಗಳು

ಇನ್ನು ತಿಳಿಗೆ ಇಳಿಯದ ವಸ್ತುಗಳನ್ನು ನೋಡೋಣ. ಸಸಾರಜನಕ, ನಾರಿನಂಶ, ಕಬ್ಬಿಣ ಮತ್ತು ಸುಣ್ಣದ ಬಹುಪಾಲು, ಕಣ್ಣಿಗೆ ಬೇಕಾದ ಜೀವಸತ್ವ 'ಎ' ಆಗಿ ಮಾರ್ಪಡುವ ಕ್ಯಾರೊಟಿನ್, ಇವೆಲ್ಲ ಬೇಳೆಯಲ್ಲಿ ಮತ್ತು ಸೊಪ್ಪಿನಲ್ಲಿಯೇ ಉಳಿಯುತ್ತವೆ. ಕ್ಯಾರೊಟಿನ್ ನೀರಿನಲ್ಲಿ ಕರಗುವುದೇ ಇಲ್ಲ. ಅದಕ್ಕೆ ಎಣ್ಣೆ ಬೇಕು. ಒಗ್ಗರಣೆಗೆ ಹಾಕುವ ಎರಡು ಚಮಚ ಶೇಂಗಾ ಅಥವಾ ಕುಸುಬಿ ಎಣ್ಣೆ ರುಚಿಗಷ್ಟೇ ಅಲ್ಲ, ಸೊಪ್ಪಿನ ಕ್ಯಾರೊಟಿನ್ ದೇಹಕ್ಕೆ ಸೇರಲೂ ಬೇಕು.

ಈಗ ಕೂಸಿನ ಮಾತಿಗೆ ಬರೋಣ. ಆರು ತಿಂಗಳು ತುಂಬಿದ ಮಗುವಿಗೆ ಎದೆಹಾಲಿನ ಜೊತೆಗೆ ಮೇಲಿನ ಆಹಾರ ಪ್ರಾರಂಭಿಸಬೇಕು. ಮಗುವಿನ ಹೊಟ್ಟೆ ಅದರ ಮುಷ್ಟಿಯಷ್ಟು ಚಿಕ್ಕದು. 100 ಮಿಲಿ ಲೀಟರ್ ಎದೆಹಾಲಿನಲ್ಲಿ 65ರಿಂದ 70 ಕ್ಯಾಲೊರಿ ಶಕ್ತಿ ಇರುತ್ತದೆ. ತಿಳಿಸಾರಿನಲ್ಲಿ ಅದರ ಕಾಲುಭಾಗ ಸಿಗುವುದೂ ಕಷ್ಟ. ಎಂದರೆ ಒಂದು ಬಟ್ಟಲು ತಿಳಿ ಕುಡಿಸಿದಿರಿ ಎಂದರೆ ಹಾಲಿಗೆ ಇದ್ದ ಜಾಗವನ್ನು ನೀರಿಗೆ ಕೊಟ್ಟಂತಾಯಿತು. ಮಗು ಹೊಟ್ಟೆ ತುಂಬಿ ಮಲಗುತ್ತದೆ, ಆದರೆ ಮೈ ಹತ್ತುವುದಿಲ್ಲ. ಮಗುವಿಗೆ ಸಾರು ಬೇಡವೆಂದಲ್ಲ. ಬೆಂದ ಬೇಳೆ, ಸೊಪ್ಪು, ಗಜ್ಜರಿಯನ್ನು ಚೆನ್ನಾಗಿ ಮಸೆದು, ಮೆತ್ತಗಿನ ಅನ್ನ ಅಥವಾ ಜೋಳದ ನುಚ್ಚಿನೊಡನೆ ಕಲಸಿ, ಚಮಚ ವಾರೆ ಮಾಡಿದರೂ ಥಟ್ಟನೆ ಜಾರದಷ್ಟು ಗಟ್ಟಿಯಾಗಿ, ಅರ್ಧ ಚಮಚ ತುಪ್ಪ ಬೆರೆಸಿ ಉಣಿಸಬೇಕು. ಖಾರ ಬೇಡ. ಒಂದು ವರ್ಷದವರೆಗೆ ಉಪ್ಪಿನ ಅವಶ್ಯಕತೆಯೂ ಇಲ್ಲ.

ಬಾಣಂತಿಯ ವಿಷಯದಲ್ಲಿ ನಾವು ಇನ್ನೂ ಕಠಿಣರು. ಸೊಪ್ಪು ತಿಂದರೆ ಕೂಸಿಗೆ ಶೀತ, ಬೇಳೆ ತಿಂದರೆ ವಾಯು ಎಂದು ಹೇಳಿ ಮೆಣಸಿನ ಸಾರು ಅನ್ನದಲ್ಲಿಯೇ ತಿಂಗಳು ಕಳೆಯಿಸುತ್ತಾರೆ. ಹೆರಿಗೆಯಲ್ಲಿ ರಕ್ತ ಕಳೆದುಕೊಂಡ, ಕೂಸಿಗೆ ಹಾಲೂಡಿಸುವ ತಾಯಿಗೆ ಸಾಮಾನ್ಯ ಹೆಂಗಸಿಗಿಂತ ಹೆಚ್ಚು ಸಸಾರಜನಕ ಮತ್ತು ಶಕ್ತಿ ಬೇಕು. ಸೊಪ್ಪು ಬೇಳೆ ಎರಡೂ ಕೂಡಿದ ಗಟ್ಟಿ ಸಾರಿನಿಂದ ಕೂಸಿಗೆ ಶೀತವಾಗುವುದಿಲ್ಲ. ಹಿರಿಯರ ಮಾತಿಗೆ ಬೆಲೆ ಕೊಡಬೇಕು ನಿಜ, ಆದರೆ ಈ ಒಂದು ಮಾತನ್ನು ಮೀರುವುದೇ ಲೇಸು.

ರೊಟ್ಟಿಯ ಜೊತೆಗೆ ಸಾರು

ಬೈಲಹೊಂಗಲ, ಸವದತ್ತಿ, ರಾಮದುರ್ಗಗಳ ಎರೆಭೂಮಿಯಲ್ಲಿ ಜೋಳದ ರೊಟ್ಟಿಯೇ ಊಟದ ಮೂಲ. 100 ಗ್ರಾಂ. ಜೋಳದಲ್ಲಿ ಸುಮಾರು 10 ಗ್ರಾಂ. ಸಸಾರಜನಕ, 4 ಮಿ.ಗ್ರಾಂ. ಕಬ್ಬಿಣ ಇದೆ. ಲೆಕ್ಕಕ್ಕೆ ಇದು ಕಡಿಮೆಯಲ್ಲ. ಆದರೆ ಇದರಲ್ಲಿ ಎರಡು ಕೊರತೆಗಳಿವೆ. ಒಂದು, ಜೋಳದ ಸಸಾರಜನಕದಲ್ಲಿ ಲೈಸಿನ್ ಎಂಬ ಅಂಶ ಕಡಿಮೆ. ಬೇಳೆಕಾಳುಗಳಲ್ಲಿ ಅದು ಹೆಚ್ಚು. ಆದ್ದರಿಂದ ರೊಟ್ಟಿಗೆ ಬೇಳೆಯ ಸಾರು ಸೇರಿದಾಗ ಎರಡರ ಸಸಾರಜನಕವೂ ಒಂದಕ್ಕೊಂದು ಪೂರಕವಾಗುತ್ತದೆ. ಎರಡು, ಜೋಳದಲ್ಲಿಯೂ ಕಾಳುಗಳಲ್ಲಿಯೂ ಇರುವ ಫೈಟಿಕ್ ಆಮ್ಲವು ಕಬ್ಬಿಣವನ್ನು ಹಿಡಿದಿಟ್ಟುಕೊಳ್ಳುವುದರಿಂದ, ತಿಂದ ಕಬ್ಬಿಣದಲ್ಲಿ ಹತ್ತನೆಯ ಒಂದು ಪಾಲು ಸಹ ದೇಹಕ್ಕೆ ಸೇರುವುದಿಲ್ಲ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯು 2020ರಲ್ಲಿ ವಯಸ್ಕ ಹೆಂಗಸಿಗೆ ದಿನಕ್ಕೆ 29 ಮಿ.ಗ್ರಾಂ. ಕಬ್ಬಿಣ ಬೇಕೆಂದು ಗೊತ್ತುಪಡಿಸಿದ್ದು ಈ ನಷ್ಟವನ್ನು ಲೆಕ್ಕ ಹಿಡಿದೇ.

ಈ ಬಂಧನವನ್ನು ಸಡಿಲಿಸುವ ಉಪಾಯ ಅದೇ ಸಾರಿನ ಬಟ್ಟಲಿನಲ್ಲಿದೆ. ಜೀವಸತ್ವ 'ಸಿ' ಜೊತೆಗಿದ್ದರೆ ಅದೇ ಊಟದ ಕಬ್ಬಿಣ ಹೆಚ್ಚು ಪ್ರಮಾಣದಲ್ಲಿ ದೇಹಕ್ಕೆ ಸೇರುತ್ತದೆ. ಸಾರನ್ನು ಒಲೆಯಿಂದ ಇಳಿಸಿದ ಮೇಲೆ ಅರ್ಧ ಲಿಂಬೆಹಣ್ಣು ಹಿಂಡುವುದು, ಹಸಿ ಕೊತ್ತಂಬರಿ ಹಾಕುವುದು ಇದಕ್ಕಾಗಿ. ಲಿಂಬೆರಸ ಹಾಕಿ ಮತ್ತೆ ಕುದಿಸಿದರೆ ಹುಳಿ ಉಳಿಯುತ್ತದೆ, 'ಸಿ' ಹೋಗುತ್ತದೆ. ಹುಣಸೆಹಣ್ಣಿನಲ್ಲಿ ಹುಳಿ ಇದ್ದರೂ ಜೀವಸತ್ವ 'ಸಿ' ಅತ್ಯಲ್ಪ ಎಂಬುದನ್ನೂ ನೆನಪಿಡಬೇಕು. ಇನ್ನು ಊಟವಾದ ಕೂಡಲೇ ಚಹಾ ಕುಡಿಯುವ ಚಟ. ಚಹಾದ ಒಗರು ಕಬ್ಬಿಣವನ್ನು ಕಟ್ಟಿಹಾಕುತ್ತದೆ. ಊಟಕ್ಕೂ ಚಹಾಕ್ಕೂ ಒಂದು ತಾಸಾದರೂ ಅಂತರವಿರಲಿ.

ಹೆಸರು, ಮಡಿಕೆ, ಹುರಳಿಗಳನ್ನು ಮೊಳಕೆ ಬರಿಸಿ ಸಾರು ಮಾಡುವುದು ಇನ್ನೂ ಒಳ್ಳೆಯದು. ಮೊಳಕೆಯೊಡೆಯುವಾಗ ಫೈಟಿಕ್ ಆಮ್ಲ ಕಡಿಮೆಯಾಗುತ್ತದೆ, ಕಾಳಿನಲ್ಲಿ ಇಲ್ಲದ ಜೀವಸತ್ವ 'ಸಿ' ಹುಟ್ಟುತ್ತದೆ. ಹುರಳಿಯನ್ನು ಎತ್ತುಗಳಿಗೆ ಬೇಯಿಸಿ ಹಾಕುವ ಕಾಳೆಂದು ಕೆಲವರು ಕೀಳಾಗಿ ಕಾಣುತ್ತಾರೆ. 100 ಗ್ರಾಂ. ಹುರಳಿಯಲ್ಲಿ ಸುಮಾರು 22 ಗ್ರಾಂ. ಸಸಾರಜನಕ, 8 ಮಿ.ಗ್ರಾಂ.ಗೂ ಮೇಲ್ಪಟ್ಟು ಕಬ್ಬಿಣ ಇದೆ. ಎತ್ತಿಗೆ ಬಲ ಬರುವುದಾದರೆ ಒಕ್ಕಲಿಗನಿಗೆ ಏಕೆ ಬಾರದು?

ಮಾಡುವ ವಿಧಾನ

ಐದು ಜನರ ಮನೆಗೆ ಒಂದು ಹೊತ್ತಿನ ಲೆಕ್ಕ ಇಲ್ಲಿದೆ. ಹೆಸರುಬೇಳೆ ಅಥವಾ ತೊಗರಿಬೇಳೆ 100 ಗ್ರಾಂ., ಮೆಂತ್ಯ, ನುಗ್ಗೆ, ರಾಜಗಿರಿ ಅಥವಾ ಯಾವುದೇ ಎಳೆಯ ಸೊಪ್ಪು 250 ಗ್ರಾಂ., ಮನೆಯಲ್ಲಿ ಇದ್ದರೆ ಒಂದು ಗಜ್ಜರಿ, ಎರಡು ಟೊಮ್ಯಾಟೊ, ಒಂದು ಉಳ್ಳಾಗಡ್ಡಿ, ನಾಲ್ಕಾರು ಎಸಳು ಬೆಳ್ಳುಳ್ಳಿ, ಜೀರಿಗೆ, ಅರಿಷಿಣ. ನೀರು ಒಂದೂಕಾಲು ಲೀಟರ್. ಉಪ್ಪು ಚಹಾ ಚಮಚದಿಂದ ಒಂದೇ ಒಂದು.

ಸೊಪ್ಪನ್ನು ಮೊದಲು ತೊಳೆದು, ಆಮೇಲೆ ಹೆಚ್ಚಬೇಕು. ಹೆಚ್ಚಿದ ಮೇಲೆ ತೊಳೆದರೆ ಒಲೆಗೆ ಏರುವ ಮೊದಲೇ ಸತ್ವ ನೀರುಪಾಲಾಗುತ್ತದೆ. ಬೇಳೆಯನ್ನು ಮೊದಲು ಬೇಯಿಸಿಕೊಂಡು, ನೀರು ಕುದಿಯುವಾಗ ಗಜ್ಜರಿ, ಟೊಮ್ಯಾಟೊ ಹಾಕಿ, ಅವು ಮೆತ್ತಗಾದ ಮೇಲೆ ಸೊಪ್ಪು ಹಾಕಿ ಮುಚ್ಚಬೇಕು. ಎಳೆಯ ಸೊಪ್ಪಿಗೆ ಐದಾರು ನಿಮಿಷ ಸಾಕು. ಹಸಿರು ಬಣ್ಣ ಉಳಿಯಲೆಂದೋ ಬೇಗ ಬೇಯಲೆಂದೋ ಅಡಿಗೆ ಸೋಡಾ ಹಾಕಬಾರದು. ಸೋಡಾದಿಂದ ಥಯಾಮಿನ್ ಮತ್ತು ಜೀವಸತ್ವ 'ಸಿ' ಎರಡೂ ಹಾಳಾಗುತ್ತವೆ. ಕಡೆಗೆ ಕಡಗೋಲಿನಿಂದ ಮಸೆದು ಒಗ್ಗರಣೆ ಕೊಟ್ಟು ಇಳಿಸಿ, ಲಿಂಬೆ ಹಿಂಡಿ. ಸೋಸುವ ಗೊಡವೆಗೆ ಹೋಗಬೇಡಿ. ಹೀಗೆ ಮಾಡಿದ ಸಾರಿನಿಂದ ತಲೆಗೆ ಐದು ಗ್ರಾಂ.ನಷ್ಟು ಸಸಾರಜನಕ ಬೇಳೆಯಿಂದಲೇ ದೊರೆಯುತ್ತದೆ, ಉಪ್ಪು ಒಂದು ಗ್ರಾಂ. ಆಸುಪಾಸಿಗೆ ನಿಲ್ಲುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯ ಸಲಹೆಯಂತೆ ದಿನದ ಎಲ್ಲ ಆಹಾರ ಸೇರಿ ಉಪ್ಪು 5 ಗ್ರಾಂ. ಒಳಗೆ ಇರಬೇಕು. ಉಪ್ಪಿನಕಾಯಿ, ಹಿಂಡಿ, ಹಪ್ಪಳಗಳ ಉಪ್ಪೂ ಈ ಲೆಕ್ಕಕ್ಕೇ ಸೇರುತ್ತದೆ.

ಪುಂಡಿಪಲ್ಯದಂಥ ಹುಳಿ ಸೊಪ್ಪನ್ನು ಬಸಿಯಲೇಬೇಕೆಂದರೆ, ಆ ಹುಳಿನೀರನ್ನು ಹುಣಸೆಹಣ್ಣಿನ ಬದಲಾಗಿ ಬೇಳೆಯ ಸಾರಿಗೆ ಹಾಕಬಹುದು. ಚಳಿಗಾಲದಲ್ಲಿ ಕಡಲೆ ಬೆಳೆ 30-35 ದಿನದ್ದಾದಾಗ ಹೆಚ್ಚು ಟಿಸಿಲೊಡೆಯಲೆಂದು ಕುಡಿ ಚಿವುಟುತ್ತೀರಲ್ಲ, ಆ ಕಡ್ಲಿಪಲ್ಯ ಸಾರಿಗೆ ಬಹಳ ಒಳ್ಳೆಯದು. ಸುಣ್ಣ ಮತ್ತು ಕಬ್ಬಿಣ ಅದರಲ್ಲಿ ಚೆನ್ನಾಗಿವೆ.

ಪಾತ್ರೆಯ ಬಗ್ಗೆ ಒಂದು ಮಾತು. ಹುಳಿ ಇರುವ ಸಾರನ್ನು ಕಬ್ಬಿಣದ ಕಡಾಯಿಯಲ್ಲಿ ಕುದಿಸಿದರೆ ಸ್ವಲ್ಪ ಕಬ್ಬಿಣ ಸಾರಿಗೆ ಇಳಿಯುತ್ತದೆ. ಸಾರು ಕಪ್ಪಗಾಗುತ್ತದೆ, ಆದರೆ ಅಪಾಯವಿಲ್ಲ, ಲಾಭವೇ ಇದೆ. ಕುದಿಸಿದ ಮೇಲೆ ಬೇರೆ ಪಾತ್ರೆಗೆ ತೆಗೆದಿಡಿ. ಕಲಾಯಿ ಹೋದ ತಾಮ್ರ, ಹಿತ್ತಾಳೆ ಪಾತ್ರೆಗಳಲ್ಲಿ ಮಾತ್ರ ಹುಳಿಸಾರನ್ನು ಎಂದೂ ಮಾಡಬಾರದು. ತಾಮ್ರ ಕರಗಿ ವಾಂತಿ, ಹೊಟ್ಟೆನೋವು ಬರುತ್ತದೆ.

ಪಟ್ಟಣದ ಹೋಟೆಲುಗಳಲ್ಲಿ 'ಸೂಪು' ಎಂದು ಊಟಕ್ಕೆ ಮೊದಲು ಚೀನಿ ಬಟ್ಟಲಿನಲ್ಲಿ ಕೊಡುವ ಪದಾರ್ಥವೂ ಇದೇ ಜಾತಿಯದು. ಆದರೆ ಅದರ ಗಟ್ಟಿತನ ಬೇಳೆಯಿಂದ ಬಂದುದಲ್ಲ, ಗೋವಿನಜೋಳದ ಪಿಷ್ಟದಿಂದ ಬಂದುದು. ನೀವು ಮಾರಿದ ಗೋವಿನಜೋಳವೇ ಪುಡಿಯಾಗಿ ಮರಳಿ ಬಂದಿರುತ್ತದೆ ಎನ್ನಿ. ಅಂಗಡಿಯಲ್ಲಿ ಪೊಟ್ಟಣದಲ್ಲಿ ಸಿಗುವ ಸೂಪಿನ ಪುಡಿಯಲ್ಲಿ ಪಿಷ್ಟ ಮತ್ತು ಉಪ್ಪೇ ಮುಂದು, ಕಾಯಿಪಲ್ಯ ಹೆಸರಿಗಷ್ಟೇ. ರಕ್ತದ ಒತ್ತಡ ಇರುವವರು ಅದರಿಂದ ದೂರವಿರಬೇಕು.

ಯಾರಿಗೆ ಲಾಭ, ಯಾರಿಗೆ ಎಚ್ಚರ

ಕಾಲುವೆ ನೀರು ಬಂದ ಮೇಲೆ, ದುಡಿಮೆಗೆ ಯಂತ್ರಗಳು ಬಂದ ಮೇಲೆ, ಸಕ್ಕರೆ ಕಾಯಿಲೆ ಮತ್ತು ರಕ್ತದ ಒತ್ತಡ ಹಳ್ಳಿಗಳಿಗೂ ಬಂದಿವೆ. ಅಂಥವರು ಊಟಕ್ಕೆ ಮೊದಲು ಒಂದು ದೊಡ್ಡ ಬಟ್ಟಲು ಗಟ್ಟಿ ಸಾರನ್ನು, ಸೊಪ್ಪು ಸಮೇತ, ನಿಧಾನವಾಗಿ ಕುಡಿದರೆ ಹೊಟ್ಟೆ ಅರ್ಧ ತುಂಬಿ, ರೊಟ್ಟಿ ಅನ್ನ ತಾನಾಗಿಯೇ ಕಡಿಮೆಯಾಗುತ್ತದೆ. ಹಲ್ಲಿಲ್ಲದ ವೃದ್ಧರಿಗೂ ಇದು ಅನುಕೂಲ. ಜ್ವರದಲ್ಲಿ ಬಾಯಿ ಕೆಟ್ಟವರಿಗೆ ಬಿಸಿ ಸಾರು ನೀರನ್ನೂ ಉಪ್ಪನ್ನೂ ಒದಗಿಸುತ್ತದೆ. ಆದರೆ ಭೇದಿಯಾದ ಮಗುವಿಗೆ ಸಾರನ್ನೇ ಔಷಧವೆಂದು ತಿಳಿಯಬಾರದು. ಸಾರಿನ ಉಪ್ಪಿಗೆ ಅಳತೆ ಇರುವುದಿಲ್ಲ. ಅಂಗನವಾಡಿ ಅಥವಾ ಆಶಾ ಕಾರ್ಯಕರ್ತೆಯ ಬಳಿ ದೊರೆಯುವ ಓ.ಆರ್.ಎಸ್. ಪೊಟ್ಟಣವನ್ನು ಅದರ ಮೇಲೆ ಬರೆದಷ್ಟೇ ನೀರಿನಲ್ಲಿ ಕರಗಿಸಿ ಕೊಡಬೇಕು. ಹಾಗೆಯೇ ಬಸುರಿಯರ ಕೆಂಪು ಗುಳಿಗೆಗೆ ಸಾರು ಬದಲಿಯಲ್ಲ. ಒಂದು ಗುಳಿಗೆಯಲ್ಲಿ 60 ಮಿ.ಗ್ರಾಂ. ಕಬ್ಬಿಣವಿದೆ. ಅಷ್ಟನ್ನು ಸಾರಿನಿಂದ ಪಡೆಯಲಾಗದು.

ಮೂತ್ರಪಿಂಡ ಕೆಟ್ಟವರಿಗೆ ಮಾತ್ರ ಮೇಲೆ ಹೇಳಿದ್ದೆಲ್ಲ ತಿರುವುಮುರುವು. ರಕ್ತದಲ್ಲಿ ಪೊಟ್ಯಾಸಿಯಂ ಏರಿದರೆ ಅವರ ಹೃದಯಕ್ಕೆ ಅಪಾಯ. ವೈದ್ಯರು ಪೊಟ್ಯಾಸಿಯಂ ಕಡಿಮೆ ಮಾಡಲು ಹೇಳಿದ್ದರೆ, ಅಂಥವರಿಗೆ ಸೊಪ್ಪು ಕಾಯಿಗಳನ್ನು ಬೇಯಿಸಿ ಆ ನೀರನ್ನು ಚೆಲ್ಲಿಯೇ ಕೊಡಬೇಕು. ಮೂತ್ರಕೋಶದಲ್ಲಿ ಕಲ್ಲು ಆಗುವವರು ಪಾಲಕ ಮತ್ತು ರಾಜಗಿರಿ ಬಸಿದ ನೀರನ್ನು ಬಳಸಬಾರದು. ಈ ಸೊಪ್ಪುಗಳಲ್ಲಿರುವ ಆಕ್ಸಾಲಿಕ್ ಆಮ್ಲ ಆ ನೀರಿಗೆ ಇಳಿದಿರುತ್ತದೆ. ಹುರಳಿಯ ಕಟ್ಟು ಕುಡಿದರೆ ಕಲ್ಲು ಕರಗುತ್ತದೆಂಬ ಮಾತನ್ನು ನಂಬಿ ವೈದ್ಯರ ಬಳಿ ಹೋಗುವುದನ್ನು ಮುಂದೂಡಬೇಡಿ. ಕಲ್ಲಿನ ತೊಂದರೆ ಇರುವವರು ದಿನವಿಡೀ ಸಾಕಷ್ಟು ನೀರು ಕುಡಿಯುವುದೇ ಮುಖ್ಯ.

ಸೊಪ್ಪು ಎಲ್ಲಿಂದ ಬರಬೇಕು?

ಇಲ್ಲಿಯವರೆಗಿನ ಮಾತು ಅಡಿಗೆ ಮಾಡುವವರಿಗೆ ಆಯಿತು. ಇನ್ನು ಮುಂದಿನದು ಹೊಲದ ಯಜಮಾನರಿಗೆ.

ಹತ್ತಿ, ಕಬ್ಬು, ಗೋವಿನಜೋಳದ ಹೊಲಗಳಲ್ಲಿ ತಾನಾಗಿ ಹುಟ್ಟಿದ ರಾಜಗಿರಿ, ಗೋಳಿ, ಹಕ್ಕರಿಕೆಗಳನ್ನು ಕೂಲಿಗೆ ಬಂದ ಹೆಣ್ಣುಮಕ್ಕಳು ಸಂಜೆ ಉಡಿಯಲ್ಲಿ ಕಟ್ಟಿಕೊಂಡು ಹೋಗುವುದುಂಟು. ಕಳೆನಾಶಕ ಅಥವಾ ಕೀಟನಾಶಕ ಸಿಂಪಡಿಸಿದ ಹೊಲದಿಂದ ಹೀಗೆ ಸೊಪ್ಪು ಒಯ್ಯಗೊಡಬಾರದು. ಎಲೆಯ ಮೇಲೆ ಬಿದ್ದ ವಿಷದ ಒಂದಂಶ ತೊಳೆದರೆ ಹೋಗಬಹುದು. ಗಿಡದ ಒಳಗೆ ಹೀರಿಕೊಳ್ಳುವ ಅಂತರ್ವ್ಯಾಪಿ ಔಷಧಗಳು ಉಪ್ಪುನೀರಿನಲ್ಲಿ ತೊಳೆದರೂ ಹೋಗವು. ಬೇಯಿಸಿದಾಗ ಸಾರಿಗೇ ಇಳಿಯಬಹುದು. ಸಿಂಪಡಿಸಿದ ದಿನ ಬದುವಿನಲ್ಲಿ ನಿಂತು 'ಈ ಹೊಲದ ಪಲ್ಯ ಹರಿಯಬೇಡಿ' ಎಂದು ಎಲ್ಲರಿಗೂ ಕೇಳುವಂತೆ ಹೇಳುವುದು ನಿಮ್ಮ ಹೊಣೆ. ಕಡಲೆಯ ಕುಡಿಯನ್ನೂ ಸಿಂಪರಣೆಗೆ ಮೊದಲೇ ಚಿವುಟಿ ತರಬೇಕು. ಮಾರಾಟಕ್ಕೆ ಬೆಳೆಯುವ ಕಾಯಿಪಲ್ಯಕ್ಕೆ ಔಷಧದ ಡಬ್ಬಿಯ ಮೇಲೆ ಬರೆದ ಕಾಯುವ ಅವಧಿ ಮುಗಿಯದೆ ಕೊಯ್ಲು ಮಾಡಬಾರದು.

ಇದಕ್ಕಿಂತ ಸುಲಭವಾದುದು ಮನೆಯ ಹಿತ್ತಲಿನಲ್ಲಿಯೇ ನಾಲ್ಕು ಮಡಿ ಸೊಪ್ಪು ಬೆಳೆಯುವುದು. ಮೆಂತ್ಯವನ್ನು ಬಿತ್ತಿದ 25-30 ದಿನಕ್ಕೆ ಕೊಯ್ಯಬಹುದು. ಹತ್ತು ದಿನಕ್ಕೊಂದು ಮಡಿಯಂತೆ ಬಿತ್ತಿದರೆ ಮನೆಗೆ ಸೊಪ್ಪು ತಪ್ಪುವುದಿಲ್ಲ. ಮಳೆ ಚೆನ್ನಾಗಿ ಬೀಳುವ ಕಿತ್ತೂರಿನ ಕಡೆ ಮಳೆಗಾಲದುದ್ದಕ್ಕೂ ಹೀರಿ, ಸವತಿ, ಕುಂಬಳ ಬಳ್ಳಿಗಳನ್ನು ಬೇಲಿಗೆ ಹಬ್ಬಿಸಬಹುದು. ಕುಂಬಳದ ಎಳೆಯ ಎಲೆಯೂ ಸಾರಿಗೆ ಬರುತ್ತದೆ. ಮಲಪ್ರಭೆಯ ಕಾಲುವೆ ಮುಟ್ಟುವ ಸವದತ್ತಿಯ ಹೊಲಗಳವರಿಗೆ ನೀರಿನ ನೆಪವೇ ಇಲ್ಲ. ಕಷ್ಟ ಇರುವುದು ರಾಮದುರ್ಗದ ಒಣಭೂಮಿಯವರಿಗೆ. ಫೆಬ್ರುವರಿ ಕಳೆದರೆ ಹಸಿರು ಕಾಣುವುದು ದುರ್ಲಭ.

ಅಂಥ ಕಡೆ ನುಗ್ಗೆಯೇ ಗತಿ. 100 ಗ್ರಾಂ. ಹಸಿ ನುಗ್ಗೆ ಸೊಪ್ಪಿನಲ್ಲಿ ಸುಮಾರು 6 ಗ್ರಾಂ. ಸಸಾರಜನಕ, 300 ಮಿ.ಗ್ರಾಂ.ಗೂ ಹೆಚ್ಚು ಸುಣ್ಣ, 4 ಮಿ.ಗ್ರಾಂ.ಗೂ ಮೇಲ್ಪಟ್ಟು ಕಬ್ಬಿಣ ಮತ್ತು 100 ಮಿ.ಗ್ರಾಂ. ಆಸುಪಾಸು ಜೀವಸತ್ವ 'ಸಿ' ಇವೆ. ಬಚ್ಚಲ ನೀರು ಹರಿಯುವ ಕಡೆ ಎರಡು ಗಿಡ ಇದ್ದರೆ ಒಂದು ಮನೆಗೆ ಧಾರಾಳ. ಕೊಯಮತ್ತೂರಿನ ಕೃಷಿ ವಿಶ್ವವಿದ್ಯಾಲಯದ ಪಿ.ಕೆ.ಎಂ.-1 ಮತ್ತು ಬಾಗಲಕೋಟೆಯ ತೋಟಗಾರಿಕೆ ವಿಶ್ವವಿದ್ಯಾಲಯದ 'ಭಾಗ್ಯ' ತಳಿಗಳನ್ನು ಬೀಜದಿಂದಲೇ ಬೆಳೆಸಬಹುದು. ಸಸಿ ಎರಡೂವರೆ ಅಡಿ ಎತ್ತರ ಬೆಳೆದಾಗ ತುದಿ ಚಿವುಟಿದರೆ ಟಿಸಿಲು ಹೆಚ್ಚಿ ಸೊಪ್ಪು ಕೈಗೆ ಸಿಗುತ್ತದೆ. ಬೀಜ, ಸಸಿಗಳ ಬಗ್ಗೆ ಬೈಲಹೊಂಗಲ ಭಾಗದವರು ಮತ್ತಿಕೊಪ್ಪದ ಕೃಷಿ ವಿಜ್ಞಾನ ಕೇಂದ್ರದಲ್ಲಿ, ಉಳಿದವರು ತಮ್ಮ ತಾಲ್ಲೂಕಿನ ತೋಟಗಾರಿಕೆ ಇಲಾಖೆಯಲ್ಲಿ ವಿಚಾರಿಸಬಹುದು.

ಮಳೆಗಾಲ ಮುಗಿದು ಸೊಪ್ಪು ಹೇರಳವಾಗಿರುವಾಗ ಸ್ವಲ್ಪವನ್ನು ಒಣಗಿಸಿಡಿ. ನಮ್ಮ ಹೆಣ್ಣುಮಕ್ಕಳು ಕಡ್ಲಿಪಲ್ಯವನ್ನು ಒಣಗಿಸಿ ಬೇಸಿಗೆಗೆ ಇಡುವುದು ಹಳೆಯ ಪದ್ಧತಿಯೇ. ಅದನ್ನು ಬಿಸಿಲಿಗೆ ಹರವದೆ, ಗಾಳಿಯಾಡುವ ನೆರಳಿನಲ್ಲಿ ಬಿಳಿ ಬಟ್ಟೆಯ ಮೇಲೆ ತೆಳ್ಳಗೆ ಹರಡಿ ಒಣಗಿಸಿದರೆ ಕ್ಯಾರೊಟಿನ್ ಹೆಚ್ಚು ಉಳಿಯುತ್ತದೆ. ಎಲೆ ಕೈಯಲ್ಲಿ ಹಿಚುಕಿದರೆ ಪುಡಿಯಾಗುವಷ್ಟು ಗರಿಗರಿಯಾದ ಮೇಲೆ ಬಿಗಿ ಮುಚ್ಚಳದ ಡಬ್ಬಿಯಲ್ಲಿ, ಬೆಳಕು ಬೀಳದ ಕಡೆ ಇಡಬೇಕು. ಒಣಗಿಸಿದ ಸೊಪ್ಪಿನಲ್ಲಿ ಜೀವಸತ್ವ 'ಸಿ' ಬಹುಮಟ್ಟಿಗೆ ಹೋಗಿರುತ್ತದೆಯಾದ್ದರಿಂದ, ಬೇಸಿಗೆಯಲ್ಲಿ ಆ ಸೊಪ್ಪಿನ ಸಾರು ಮಾಡಿದ ದಿನ ಲಿಂಬೆಹಣ್ಣನ್ನು ಮರೆಯಬಾರದು.